ನ್ಯಾಯಬೆಲೆಯ ಮನುಷ್ಯ

ಯಾವುದೇ ವಸ್ತುವಿನ ಸುತ್ತ ಒಂದು ಪೂರ್ಣ ಸುತ್ತು ಬಾರದೆ ಅದರ ಬಗ್ಗೆ ಬಾಯಿ ಬಿಡುವ ಅಭ್ಯಾಸ ನನ್ನ ಈ ಗೆಳೆಯನಿಗಿಲ್ಲ. ನಮ್ಮ ಮನೆಗೆ ಹೊಸ ಫ್ರಿಜ್ ಬಂದ ದಿನ, ಹೇಗಿದೆ ನೋಡು ಬಾ ಎಂದು ನಾನು ಹುರುಪಿನಿಂದ ಕರೆದರೆ, ಆ ಪುಣ್ಯಾತ್ಮ ಅದನ್ನು ಗೋಡೆಯಿಂದ ಈಚೆಗೆ ಎಳೆಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗಾಲನ್ನು ತುಸುವೇ ಎಳೆಯುವ ತನ್ನ ಗಂಭೀರ ಮಂದಗತಿಯಲ್ಲಿ ಸುತ್ತು ಮುಗಿಸಿ, ಹಿಂಬದಿಯ ಕೆಳಮೂಲೆಯಲ್ಲಿ ಹೆಬ್ಬೆರಳಗಲದ ತಗ್ಗೊಂದನ್ನು ಪತ್ತೆಮಾಡಿ, "ಸಾಗಿಸುವಾಗ ಎಲ್ಲೋ ತಗಲಿದೆ. ಆದರೂ ಪರವಾಗಿಲ್ಲ" ಎಂದ. ನನ್ನ ಹೆಂಡತಿಗೆ ಅವತ್ತಿನಿಂದ ಫ್ರಿಜ್ ಕಾಣುವುದಿಲ್ಲ, ತಗ್ಗು ಮಾತ್ರ ಕಾಣುತ್ತದೆ. ಇನ್ನು ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವ ಮಹಾತಾಯಿ, ಇಷ್ಟು ವರ್ಷ ಹೇಗೆ ಏಗಿದರೋ ದೇವರೇ ಬಲ್ಲ. ಅಡುಗೆ ಹೇಗಿದೆ ಎಂದು ಕೇಳಿದರೆ "ನಿನ್ನೆಯದಕ್ಕಿಂತ ಮೇಲು, ಮೊನ್ನೆಯದಕ್ಕಿಂತ ಕೆಳಗೆ" ಎನ್ನುವ ಗಂಡನನ್ನು ತಟ್ಟೆಯ ಸಮೇತ ಆಚೆಗೆ ಕಳಿಸದಿರುವುದು ಸಾಮಾನ್ಯ ಸಹನೆಯೇ?

ಹೊಟ್ಟೆಪಾಡಿಗೆ ಅವನು ವಿಮಾ ಕಂಪನಿಯ ಸರ್ವೇಯರ್. ಅಪಘಾತಕ್ಕೀಡಾದ ವಾಹನಗಳ ನಷ್ಟವನ್ನು ಅಂದಾಜು ಮಾಡುವುದು ಕೆಲಸ. ಮೊಣಕೈ ಸವೆದ ಕಂದು ಕೋಟಿನ ಬಲಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ. ಗ್ಯಾರೇಜಿನ ಗ್ರೀಸು, ಧೂಳು, ಮಾಲೀಕರ ಗೋಳಾಟಗಳ ನಡುವೆ ನಿರ್ವಿಕಾರನಾಗಿ ನಿಂತು, ಇದು ಈ ಅಪಘಾತದ ಪೆಟ್ಟು, ಇದು ಹಳೆಯದು ಎಂದು ತಗಡಿನ ಮೇಲೆ ಗುರುತು ಹಾಕುತ್ತ ಹೋಗುವವನು. ಅವನ ಈ ನಿಷ್ಠುರ ಪ್ರತಿಭೆಗೆ ತಕ್ಕ ರಂಗಸ್ಥಳ ಸಿಕ್ಕಿದ್ದು ಮಾತ್ರ ಗ್ಯಾರೇಜಿನಲ್ಲಲ್ಲ, ಮೊಬೈಲಿನಲ್ಲಿ.

ಅಂತರ್ಜಾಲದಲ್ಲಿ ಫುಟ್‌ಬಾಲ್ ತಂಡ ನಡೆಸುವ ಆಟವೊಂದಿದೆ. ಕಾಲಲ್ಲಿ ಚೆಂಡು ಮುಟ್ಟದವರೂ ಅದರಲ್ಲಿ ಒಂದೊಂದು ಕ್ಲಬ್ಬಿನ ಒಡೆಯರು. ಇಲ್ಲದ ಆಟಗಾರರನ್ನು ಬೆಳೆಸುವುದು, ಬದಲಾಯಿಸಿಕೊಳ್ಳುವುದು, ಪಂದ್ಯವನ್ನು ಕಂಪ್ಯೂಟರ್ ಆಡಿಸಿದ ಮೇಲೆ ಸೋತು ಮುಖ ಊದಿಸಿಕೊಳ್ಳುವುದು. ನಾವೊಂದಿಷ್ಟು ಜನ ಸ್ನೇಹಿತರು, ಬೇಕರಿಯವನು, ಗಣಿತದ ಮೇಷ್ಟ್ರು, ಔಷಧದಂಗಡಿಯವನು, ಪಾಠ ಹೇಳಿ ಬದುಕುವ ನಾನು, ಜೊತೆಗೆ ಅವನು, ಹೀಗೆ ಒಂದು ಲೀಗ್ ಕಟ್ಟಿಕೊಂಡೆವು. ಕಟ್ಟಿದ ಮೊದಲ ವರ್ಷವೇ ಅದು ಒಡೆಯುವುದರಲ್ಲಿತ್ತು. ಕಾರಣ, ವಿನಿಮಯ. ಸೋತು ಬೇಸತ್ತವನೊಬ್ಬ ತನ್ನ ರತ್ನದಂಥ ಆಟಗಾರನನ್ನು ಗೆಳೆಯನಿಗೆ ಯಾವನೋ ಕುಂಟನ ಬದಲಿಗೆ ಕೊಟ್ಟುಬಿಟ್ಟರೆ ಮಿಕ್ಕವರ ವರ್ಷದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೇಕರಿಯವನೂ ಮೇಷ್ಟ್ರೂ ಹಾಗೆ ಕೊರಳಪಟ್ಟಿ ಹಿಡಿದುಕೊಳ್ಳುವ ಹಂತ ತಲುಪಿದಾಗ, ಎಲ್ಲರ ಕಣ್ಣೂ ತಾನಾಗಿಯೇ ಕಂದು ಕೋಟಿನ ಕಡೆ ತಿರುಗಿತು. ವಿನಿಮಯಗಳ ತೀರ್ಪುಗಾರನಾಗಲು ಅವನು ಒಪ್ಪಿದ. ನಾಳೆ ಯಾರೂ ಬೆರಳು ತೋರಿಸಬಾರದೆಂದು ತನ್ನ ಸ್ವಂತ ಕ್ಲಬ್ಬನ್ನು ಅವತ್ತೇ ಬಿಟ್ಟುಕೊಟ್ಟ. ನಾವು ಅವನನ್ನು ಒರೆಗಲ್ಲು ಎಂದು ಕರೆಯತೊಡಗಿದೆವು.

ಬೆಲೆ ಕಟ್ಟುವ ಅವನ ವಿಧಾನವೇ ಒಂದು ವ್ರತ. ಆಟಗಾರನ ಹೆಸರನ್ನೂ ಕ್ಲಬ್ಬುಗಳ ಹೆಸರನ್ನೂ ಅವನು ನೋಡುತ್ತಿರಲಿಲ್ಲ. ಅತ್ತಿಗೆ ಮೊಬೈಲ್ ಹಿಡಿದು ವಯಸ್ಸು, ವೇಗ, ಗಾಯದ ಚರಿತ್ರೆ, ಉಳಿದಿರುವ ಕರಾರಿನ ಅವಧಿ ಇಷ್ಟನ್ನೇ ಓದಬೇಕು. ಇವನು ಕಣ್ಣು ಮುಚ್ಚಿ ಕೇಳಿ ಎರಡೂ ಕಡೆ ಸರಿತೂಗುತ್ತದೋ ಇಲ್ಲವೋ ಹೇಳಬೇಕು. "ಹೆಸರಿಗೆ ಬೆಲೆ ಕಟ್ಟಬೇಡಿ, ಕಾಲಿಗೆ ಕಟ್ಟಿ" ಎಂಬುದು ಅವನ ಸೂತ್ರ. ಹರೆಯದವನಿಗೆ ನಾಳೆಯ ಆಸೆಯ ಬೆಲೆ, ಮಾಗಿದವನಿಗೆ ಇವತ್ತಿನ ಆಟದ ಬೆಲೆ, ಎರಡನ್ನೂ ಕಲಸಬಾರದು. ಮೂವರು ಗೋಲ್‌ಕೀಪರ್‌ಗಳಿದ್ದವನಿಗೆ ನಾಲ್ಕನೆಯವನು ಎಷ್ಟೇ ಶೂರನಾದರೂ ದಂಡ. ಔಷಧದಂಗಡಿಯವನು ಹೋದ ವಾರ ಎರಡು ಗೋಲು ಹೊಡೆದ ಹುಡುಗನನ್ನು ಆಕಾಶಕ್ಕೇರಿಸಿ ಮಾರಲು ಹೊರಟಾಗ, "ಪಾಲಿಶ್ ಮಾಡಿ ತಂದಿದೀಯ, ಒಂದು ತಿಂಗಳು ಓಡಿಸಿ ಆಮೇಲೆ ತಾ" ಎಂದು ವಾಪಸು ಕಳಿಸಿದ್ದ. ಒಂದು ಪೂರ್ಣ ದಿನ ವಿನಿಮಯ ಅವನ ಮುಂದೆ ನಿಂತಿರುತ್ತಿತ್ತು. ಅಷ್ಟರೊಳಗೆ ಅವನು ತಳ್ಳಿಹಾಕದಿದ್ದರೆ ಆಟವೇ ಅದನ್ನು ಜಾರಿಗೊಳಿಸಿಬಿಡುತ್ತಿತ್ತು.

ನಮ್ಮ ಲೀಗಿನಲ್ಲಿ ಅವನ ಒಡಹುಟ್ಟಿದ ತಮ್ಮನೂ ಇದ್ದ. ವ್ಯಾನಿನಲ್ಲಿ ಅಂಗಡಿಗಳಿಗೆ ಸಾಮಾನು ಸಾಗಿಸುವವನು. ಮಾತಿನಮಲ್ಲ, ಹಾಡುಗಾರ, ನಕ್ಕರೆ ಬೀದಿಗೇ ಕೇಳಿಸಬೇಕು. ಒಮ್ಮೆ ಅವನ ವ್ಯಾನು ಗೋಡೆಗೆ ಗುದ್ದಿ ನುಜ್ಜುಗುಜ್ಜಾಯಿತು. ಅಪಘಾತಕ್ಕೆ ಹಿಂದಿನ ವಾರವಷ್ಟೇ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ, ಬ್ರೇಕ್ ಸರಿಯಿಲ್ಲ, ರಿಪೇರಿಗೆ ಬಿಡಬೇಕು ಎಂದು ತಮ್ಮ ಬಾಯಿತಪ್ಪಿ ಆಡಿದ್ದ. ಇವನು ಆ ಕಡತವನ್ನು ತಾನು ಮುಟ್ಟಲಿಲ್ಲ, ಸರಿ. ಆದರೆ ಸಹೋದ್ಯೋಗಿ ಬಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದಾಗ, ಗೊತ್ತಿದ್ದದ್ದನ್ನು ಹೇಳಿದ. ಪರಿಹಾರ ಬರಲಿಲ್ಲ. ತಮ್ಮ ಬಾಗಿಲಲ್ಲೇ ನಿಂತು, "ನಿನ್ನ ಹತ್ರ ಮಾತಾಡಿದ್ದೇ ನನ್ನ ತಪ್ಪು ಕಣಣ್ಣ. ಇನ್ನು ಆಡಲ್ಲ" ಎಂದು ಹೋದವನು ವರ್ಷಗಟ್ಟಲೆ ಮಾತಾಡಲಿಲ್ಲ. ಲೀಗು ಮಾತ್ರ ಬಿಡಲಿಲ್ಲ. ಬಿಡುವುದಾದರೆ ಅವನೇ ಬಿಡಲಿ ಎಂದು ಇಬ್ಬರೂ ಹಠ ಹಿಡಿದಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಆ ತಮ್ಮನಿಂದ ನನಗೆ ಒಂದು ವಿನಿಮಯದ ಪ್ರಸ್ತಾಪ ಬಂತು. ತಾನೇ ಕೂಸಿನಿಂದ ಬೆಳೆಸಿದ ಮುಂಪಡೆಯ ಆಟಗಾರ, ಇಡೀ ಲೀಗು ಜೊಲ್ಲು ಸುರಿಸುತ್ತಿದ್ದ ಇಪ್ಪತ್ತರ ಹರೆಯದವನು, ನನಗಂತೆ. ಬದಲಿಗೆ ನನ್ನ ಮುದಿ ಗೋಲ್‌ಕೀಪರ್, ಎರಡೂ ಮೊಣಕಾಲು ಕುಯ್ಯಿಸಿಕೊಂಡವನು, ಅವನಿಗಂತೆ. ಅಯ್ಯೋ, ಲೀಗಿನ ತಳದಲ್ಲಿ ಉಸಿರುಗಟ್ಟಿ ಬಿದ್ದಿದ್ದವನು ನಾನು. ಯಾಕೆ, ಏನು ಎಂದು ಕೇಳುವ ವ್ಯವಧಾನ ನನಗೆಲ್ಲಿಯದು? ಒಪ್ಪಿಗೆ ಒತ್ತಿಯೇ ಬಿಟ್ಟೆ. ಒತ್ತಿದ್ದೇ ತಡ, ಲೀಗಿನವರ ಮೊಬೈಲ್ ಗುಂಪಿನಲ್ಲಿ ಬೆಂಕಿ ಬಿತ್ತು. ಮೇಷ್ಟ್ರು ನನ್ನನ್ನು ಕಳ್ಳ ಎಂದರು. ಬೇಕರಿಯವನು ಇನ್ನೂ ಮುಂದೆ ಹೋಗಿ, ಒರೆಗಲ್ಲಿನ ತಮ್ಮ, ಒರೆಗಲ್ಲಿನ ಗೆಳೆಯ, ಇನ್ನು ಒರೆಗಲ್ಲು ಏನು ಹೇಳುತ್ತದೋ ನೋಡೋಣ ಎಂದು ಬರೆದ.

ಶನಿವಾರ ಮಧ್ಯಾಹ್ನ ನಾನು ಅವನ ಮನೆಗೆ ಹೋದಾಗ ಅವನು ನನ್ನ ಮುಖ ನೋಡಲಿಲ್ಲ. ಊಟದ ಮೇಜಿನ ಸುತ್ತ ಸುತ್ತುತ್ತಿದ್ದ. ಮೇಜಿನ ಮೇಲೆ ಮೊಬೈಲ್. ಸಂಜೆ ಆರಕ್ಕೆ ಗಡುವು. ಅನ್ಯಾಯದ ವಿನಿಮಯ ಎಂಬುದು ಹಸುಗೂಸಿಗೂ ಗೊತ್ತಾಗುವಂತಿತ್ತು, ತಳ್ಳಿಹಾಕಿದರೆ ಮುಗಿಯಿತಲ್ಲ? ಮುಗಿಯುತ್ತಿರಲಿಲ್ಲ. ಏಕೆಂದರೆ ಅವನೇ ಮಾಡಿದ ಇನ್ನೊಂದು ನಿಯಮವಿತ್ತು: ತಳ್ಳಿಹಾಕುವ ಮುನ್ನ ಪ್ರಸ್ತಾಪ ಇಟ್ಟವನ ಕಾರಣವನ್ನು ಅವನ ಬಾಯಿಂದಲೇ ಕೇಳಬೇಕು, ಬರೆದು ಕಳಿಸಿದ್ದು ಲೆಕ್ಕಕ್ಕಿಲ್ಲ, ಬರಹದಲ್ಲಿ ಎಲ್ಲರೂ ಸಾಚಾಗಳೇ. ಸುಮ್ಮನಿದ್ದರೆ ಅನ್ಯಾಯ ಜಾರಿ. ಕೇಳದೆ ತಳ್ಳಿದರೆ ನಿಯಮಭಂಗ. ಕೇಳಬೇಕೆಂದರೆ ತಮ್ಮನ ಹತ್ತಿರ ಮಾತಾಡಬೇಕು.

"ನೀನು ಕೇಳಿ ಹೇಳು" ಎಂದ ನನಗೆ.

"ನಾನು ಕೇಳಿದರೆ ಆಗುತ್ತಾ? ನಿಯಮ ನಿನ್ನದು. ಅಲ್ಲದೆ ನಾನೇ ಇದರಲ್ಲಿ ಒಬ್ಬ" ಎಂದೆ.

ಮತ್ತೆ ಸುತ್ತತೊಡಗಿದ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಬೆಂದ ಬುದ್ಧಿ ಅದು. ಮಾಲು ಇಷ್ಟು ಅಗ್ಗಕ್ಕೆ ಬಂತೆಂದರೆ ಒಳಗೆಲ್ಲೋ ಮುರಿದಿರಲೇಬೇಕು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಬೆಳಗಿನಿಂದ ಅವನು ಆ ಇಲ್ಲದ ಹುಡುಗನ ಹಳೆಯ ಪಂದ್ಯಗಳನ್ನೆಲ್ಲ ಕೆದಕಿದ್ದ, ಕಾಲು, ಬೆನ್ನು, ಕರಾರು, ದಂಡನೆ, ಒಂದನ್ನೂ ಬಿಟ್ಟಿರಲಿಲ್ಲ. "ಎಲ್ಲೂ ಪೆಟ್ಟಿಲ್ಲ ಕಣೋ. ಅಪ್ಪಟ ಮಾಲು. ಮತ್ಯಾಕೆ ಕೊಡ್ತಿದಾನೆ?" ಎಂದು ನನ್ನನ್ನು ಕೇಳಿದ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು.

ಅತ್ತಿಗೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಷ್ಟು ಶಾಂತ ಹೆಂಗಸು ಹಾಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಆ ಆಟಗಾರನಿಗೆ ಏನಾಗಿದೆ ಅಂತ ಬೆಳಗ್ಗಿಂದ ಹುಡುಕ್ತಿದೀರಲ್ಲ, ನಿಮ್ಮ ತಮ್ಮನಿಗೆ ಏನಾಗಿದೆ ಅಂತ ಒಂದು ಸಲ ಕೇಳಿದ್ರಾ? ಸೋಮವಾರ ಗಂಟಲು ಆಪರೇಷನ್ ರೀ. ಅವನ ಹೆಂಡತಿ ಈಗಷ್ಟೇ ಫೋನಲ್ಲಿ ಅತ್ತಳು. ನಿಮಗೆ ಹೇಳಬಾರದು ಅಂತ ಅವಳಿಂದ ಆಣೆ ಹಾಕಿಸ್ಕೊಂಡಿದಾನಂತೆ. ಆಮೇಲೆ ದನಿ ಉಳಿಯುತ್ತೋ ಇಲ್ವೋ ಡಾಕ್ಟರೂ ಹೇಳ್ತಿಲ್ಲ."

ಅವನು ಮೇಜಿನ ಅಂಚು ಹಿಡಿದು ನಿಂತ. "ಐದೂಕಾಲು" ಎಂದ, ಗಡಿಯಾರ ನೋಡಿ. ಕೋಟನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದ. ಮೇಜಿನ ಮೇಲಿದ್ದ ಅವನ ಮೊಬೈಲನ್ನು ಎತ್ತಿಕೊಂಡು ನಾನೂ ಹಿಂದೆ ಓಡಿದೆ.

ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತ. ತಮ್ಮನದು ಎರಡನೇ ಮಹಡಿಯ ಸಣ್ಣ ಮನೆ; ಮೆಟ್ಟಿಲು ಹತ್ತುವಾಗ ನನಗೆ ಒಂದೇ ಹೆದರಿಕೆ, ಬಾಗಿಲು ತೆಗೆದವನು ಮುಖಕ್ಕೆ ಹೊಡೆದ ಹಾಗೆ ಮುಚ್ಚಿಬಿಟ್ಟರೆ? ಬಾಗಿಲು ತೆರೆದೇ ಇತ್ತು. ತಮ್ಮ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಬೀದಿಗೆ ಕೇಳಿಸುತ್ತಿದ್ದ ದನಿ ಆಗಲೇ ಕಾಗದ ಹರಿದ ಸದ್ದಿನಷ್ಟಾಗಿತ್ತು.

ಅಣ್ಣ ಬಾಗಿಲಲ್ಲೇ ನಿಂತು, ಆ ಪುಣ್ಯಾತ್ಮ, ಇಷ್ಟು ವರ್ಷಗಳ ನಂತರ ತಮ್ಮನಿಗೆ ಆಡಿದ ಮೊದಲ ಮಾತು ಇದು: "ಆ ಹುಡುಗನನ್ನ ಯಾಕೋ ಕೊಡ್ತಿದೀಯ? ಕಾರಣ ಹೇಳು."

ತಮ್ಮ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಕಣ್ಣು ಒರೆಸಿಕೊಂಡ.

"ಕಾರಣ ಏನಿಲ್ಲಣ್ಣ. ಕರೆದರೆ ನೀನು ಬರಲ್ಲ, ನಾನೂ ಕರೆಯಲ್ಲ. ಮೋಸದ ವ್ಯಾಪಾರ ಮಾಡಿದರೆ, ನನ್ನ ಬಾಯಿಂದ ಕೇಳೋಕಾದರೂ ಬಂದೇ ಬರ್ತೀಯ ಅಂತ ಗೊತ್ತಿತ್ತು."

ನಾನು ಕಿಟಕಿಯಾಚೆ ನೋಡಿದೆ. ಅಣ್ಣ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕುಸಿದು ಕೂತು, ತಮ್ಮನ ಮೊಣಕಾಲ ಮೇಲೆ ತಲೆಯಿಟ್ಟು, ದೊಡ್ಡ ದನಿಯಲ್ಲಿ ಅತ್ತ. ಅಳುತ್ತಲೇ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿ, "ಆರಾಗುತ್ತೆ, ಮೊಬೈಲ್ ಕೊಡೋ" ಎಂದ. ವಿನಿಮಯವನ್ನು ತಳ್ಳಿಹಾಕಿ, ಮೊಬೈಲನ್ನು ನನ್ನ ಕೈಗಿತ್ತು, ಮತ್ತೆ ಅಳತೊಡಗಿದ. ತಮ್ಮ ಅವನ ನೆತ್ತಿ ಸವರುತ್ತ, "ಸರಿಯಾಗೇ ಮಾಡಿದೆ ಬಿಡು, ಆ ಗೋಲ್‌ಕೀಪರ್ ಯಾರಿಗೆ ಬೇಕಿತ್ತು" ಎಂದ. ಆ ವರ್ಷ ನನ್ನ ತಂಡ ಲೀಗಿನ ತಳದಲ್ಲೇ ಉಳಿಯಿತು, ಅದು ಬೇರೆ ಮಾತು.

ಭಾನುವಾರವಿಡೀ ಅಣ್ಣ ತಮ್ಮ ಮಾತಾಡಿದರಂತೆ. ವ್ಯಾನಿನ ವಿಷಯವೂ ಬಂತಂತೆ, ಜಗಳವೂ ಆಯಿತಂತೆ, ಇವನು ಆಗಲೂ ತಾನು ಹೇಳಿದ್ದು ತಪ್ಪೆಂದು ಒಪ್ಪಲಿಲ್ಲವಂತೆ. ಸೋಮವಾರ ಆಪರೇಷನ್ ಆಯಿತು. ತಮ್ಮ ಉಳಿದ, ದನಿ ಉಳಿಯಲಿಲ್ಲ. ಕೆಲವು ವಾರಗಳ ಮೇಲೆ ನಮ್ಮ ಗುಂಪಿನಲ್ಲಿ ಒರೆಗಲ್ಲಿನ ಒಂದು ಪ್ರಕಟಣೆ ಬಂತು. ಅವನು ತನ್ನ ನಿಯಮವೊಂದನ್ನು ತಿದ್ದಿದ್ದು ಅದೇ ಮೊದಲು, ಅದೇ ಕೊನೆ. ಇನ್ನು ಮುಂದೆ ಬರೆದು ಕಳಿಸಿದ ಕಾರಣವೂ ಲೆಕ್ಕಕ್ಕಿದೆ, ಎಂದಿಷ್ಟೇ ಇತ್ತು. ಬೇಕರಿಯವನೂ ಚಕಾರ ಎತ್ತಲಿಲ್ಲ.

ಈ ಜಾತಿಯ ಜನರನ್ನು ನಾವು ಕಲ್ಲೆದೆಯವರು ಎಂದು ಬೈಯುತ್ತೇವೆ. ನಾನೂ ಬೈದಿದ್ದೇನೆ, ಇವತ್ತೂ ಆ ಫ್ರಿಜ್ ತೆರೆದಾಗ ಬೈಯುತ್ತೇನೆ. ಆದರೆ ಲೋಕದ ಎಲ್ಲ ಸರಕಿಗೂ ಸರಿಯಾದ ಬೆಲೆ ಕಟ್ಟಬಲ್ಲ ಇಂಥವರಿಗೆ, ಯಾರಾದರೂ ಏನನ್ನೂ ಕೇಳದೆ ಏನನ್ನಾದರೂ ಕೊಡಲು ಬಂದರೆ ಕೈಕಾಲು ಆಡುವುದಿಲ್ಲ. ಎಲ್ಲೋ ಮೋಸವಿದೆ ಎಂದು ಅಂಜುತ್ತಾರೆ. ಪ್ರೀತಿ ಪ್ರೀತಿಯ ಮುಖ ಹೊತ್ತು ಬಂದರೆ ಇವರ ಮನೆಯ ಬಾಗಿಲು ತೆರೆಯುವುದಿಲ್ಲ, ತಕರಾರಿನ ಮುಖ ಹೊತ್ತು ಬಂದರೆ ಎದ್ದೋಡಿ ಬಂದು ತೆರೆಯುತ್ತಾರೆ. ಇವರ ಪುಣ್ಯವೆಂದರೆ, ಇದು ಗೊತ್ತಿದ್ದು, ಇವರಿಗಾಗಿ ಒಂದು ತಕರಾರನ್ನು ಹೂಡುವಷ್ಟು ಇವರನ್ನು ಬಲ್ಲವರೊಬ್ಬರು ಎಲ್ಲೋ ಇರುತ್ತಾರೆ. ಹಾಗೆ ಯಾರೂ ಇಲ್ಲದ ಒರೆಗಲ್ಲುಗಳೂ ಇದ್ದಾರೆ. ಅವರು ಕೊನೆಯವರೆಗೂ ನ್ಯಾಯವಾಗಿಯೇ ಇರುತ್ತಾರೆ, ಒಬ್ಬರೇ.