ಮೂರನೆಯ ಪರದೆ

ಇಪ್ಪತ್ತೇಳು ಹೆಂಗಸರು ಒಬ್ಬರಾದ ಮೇಲೊಬ್ಬರು ಅದೇ ಕುರ್ಚಿಯಲ್ಲಿ ಕೂತು, ಅದೇ ಫೋನು ಹಿಡಿದು, ಒಂದೇ ಮಾತು ಹೇಳಿ ಎದ್ದು ಹೋಗಿದ್ದರು: ಚೆನ್ನಾಗಿದೆ. ಅಲ್ಲ, ಚೆನ್ನಾಗಿದ್ದರೆ ಮನೆಗೆ ಹೋಗಿ ಬಳಸಬೇಕು ತಾನೆ? ಯಾರೂ ಬಳಸುತ್ತಿರಲಿಲ್ಲ. ಬಟ್ಟೆ ಮಾರುವ ಆ ಆ್ಯಪನ್ನು ತೆರೆದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಮೂರನೆಯ ಪರದೆ ಬರುತ್ತಿದ್ದಂತೆ ಮುಚ್ಚಿಬಿಡುತ್ತಿದ್ದರು. ಮತ್ತೆ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಮೂರನೆಯ ಪರದೆ ಎಂದರೆ ಕನ್ನಡಿ. ಅದು, ಆ ಕುರ್ಚಿಯ ಎದುರು ಕೂತು ಅವರನ್ನೆಲ್ಲ ನೋಡುತ್ತಿದ್ದವಳದೇ ಕೈಕೆಲಸ. ನೀವು ಬಟ್ಟೆ ಆರಿಸುತ್ತೀರಿ, ಫೋನು ನಿಮ್ಮ ಫೋಟೋ ತೆಗೆಯುತ್ತದೆ, ಆ ಫೋಟೋಗೆ ಬಟ್ಟೆ ತೊಡಿಸಿ ತೋರಿಸುತ್ತದೆ. ಭುಜದ ಮೇಲೆ ಬಟ್ಟೆ ಹೇಗೆ ಇಳಿಯಬೇಕು, ಸೊಂಟದ ಹತ್ತಿರ ನೆರಳು ಎಲ್ಲಿ ಬೀಳಬೇಕು ಎಂದು ಹನ್ನೊಂದು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಕಚೇರಿಯಲ್ಲಿ ಅವಳಿಗೆ ಕನ್ನಡಿ ಮೇಡಂ ಎಂದೇ ಹೆಸರು. ಮೊದಮೊದಲು ಆ ಹೆಸರಿನಲ್ಲಿ ಮರ್ಯಾದೆ ಇತ್ತು. ಈಗೀಗ ಅದಕ್ಕೆ ಕನಿಕರ ಬೆರೆತಿತ್ತು.

"ಶುಕ್ರವಾರ ಐದು ಗಂಟೆಗೆ ನನಗೆ ಉತ್ತರ ಬೇಕು," ಎಂದಿದ್ದ ಮ್ಯಾನೇಜರ್. "ಜನ ಯಾಕೆ ಓಡಿಹೋಗ್ತಿದಾರೆ? ಗೊತ್ತಾದ್ರೆ ಸರಿ ಮಾಡೋಣ, ಅಷ್ಟಕ್ಕೆ ನಾನು ಮೇಲಿನವರನ್ನ ಒಪ್ಪಿಸ್ತೀನಿ. ಗೊತ್ತಾಗ್ಲಿಲ್ಲ ಅಂದ್ರೆ ಮುಚ್ಚೋದೇ." ಮುಚ್ಚುವುದೆಂದರೆ ಬರೀ ಆ್ಯಪನ್ನಲ್ಲ, ಅವಳೂ ಸೇರಿ ಆರು ಜನರ ಕೆಲಸ ಹೋಗುತ್ತಿತ್ತು. ಇವತ್ತೇ ಶುಕ್ರವಾರ. ಪರೀಕ್ಷೆಗೆ ಉಳಿದಿದ್ದವಳು ಒಬ್ಬಳೇ, ಇಪ್ಪತ್ತೆಂಟನೆಯವಳು.

ಬೆಳಿಗ್ಗೆ ಮನೆ ಬಿಡುವಾಗಲೇ ಕನ್ನಡಿ ಮೇಡಂಗೆ ಸಾಕುಸಾಕಾಗಿತ್ತು. ಅವಳಿ ಮಕ್ಕಳಲ್ಲಿ ಒಂದು ಶೂ ಬೇಡವೆಂದು ನೆಲದ ಮೇಲೆ ಹೊರಳಾಡಿತ್ತು, ಇನ್ನೊಂದು ಹಲ್ಲುಜ್ಜಿದ ಬಾಯಿಯನ್ನು ಅಮ್ಮನ ಭುಜಕ್ಕೆ ಒರೆಸಿತ್ತು. ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಆದರೂ ಈಚೆಗೆ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅನ್ನುತ್ತಿರಲಿಲ್ಲ. ಗಂಡ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದ. ಹತ್ತು ವರ್ಷದಿಂದ ಅಡುಗೆಯಲ್ಲಿ ಹುಳುಕು ಹುಡುಕುತ್ತಿದ್ದ ಅತ್ತೆ, ಉಪ್ಪಿಲ್ಲದ್ದನ್ನೂ ತುಟಿಪಿಟಿಕ್ಕೆನ್ನದೆ ತಿಂದು ತಟ್ಟೆ ತೊಳೆದಿಡುತ್ತಿದ್ದರು. ಅತ್ತೆಯೇ ಸುಮ್ಮನಾಗಿದ್ದಾರೆಂದರೆ ಏನೋ ಕೆಟ್ಟಿದೆ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯುವುದಕ್ಕೂ ತಲೆಗೆ ಒಂದಿಷ್ಟು ಬಿಡುವು ಬೇಕಲ್ಲ!

ಪರೀಕ್ಷೆಯ ಕೋಣೆ ಬಲು ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಕಾರು ನಿಲ್ಲಿಸುವ ಜಾಗಕ್ಕೆ ತೆರೆದುಕೊಳ್ಳುವ ಒಂದು ಕಿಟಕಿ. ಅಲ್ಲಿನ ನಿಯಮ ಕಟ್ಟುನಿಟ್ಟು. ಬಂದವರು ಫೋನು ಒತ್ತುತ್ತಾರೆ, ಇವಳು ಎದುರು ಕೂತು ನೋಡಬೇಕು. ದಾರಿ ತೋರಿಸಬಾರದು, ತಲೆ ಆಡಿಸಬಾರದು, ನಗಬಾರದು. ಎಲ್ಲಿ ಎಷ್ಟು ಸೆಕೆಂಡು ತಡವರಿಸಿದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಕೊನೆಗೆ "ಹೇಗನ್ನಿಸ್ತು?" ಎಂದು ಕೇಳಬೇಕು. ಇಪ್ಪತ್ತೇಳು ಸಲವೂ ಅವಳು ಬಾಯಿಗೆ ಬೀಗ ಹಾಕಿಕೊಂಡು ಹಾಗೆಯೇ ಮಾಡಿದ್ದಳು.

ನಾಲ್ಕೂಮುಕ್ಕಾಲಿಗೆ ಇಪ್ಪತ್ತೆಂಟನೆಯವಳು ಬಂದಳು. ಐವತ್ತರ ಆಸುಪಾಸಿನ ದಪ್ಪ ಹೆಂಗಸು. ನಾಲ್ಕು ಮಹಡಿಯ ಬಟ್ಟೆ ಅಂಗಡಿಯೊಂದರಲ್ಲಿ ಟ್ರಯಲ್ ರೂಮಿನ ಹೊರಗೆ ನಿಲ್ಲುವುದು ಅವಳ ಕೆಲಸ.

"ಇಪ್ಪತ್ತೆರಡು ವರ್ಷದಿಂದ ನಿಂತೇ ಇದೀನಿ ಕಣಮ್ಮಾ. ಕಾಲು ಊದಿಕೊಂಡುಬಿಟ್ಟಿದೆ. ಚಪ್ಪಲಿ ಬಿಡ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಿಟ್ಟೂ ಬಿಟ್ಟಳು.

ಮೊದಲ ಎರಡು ಪರದೆಗಳನ್ನು ನೀರು ಕುಡಿದಷ್ಟು ಸುಲಭವಾಗಿ ದಾಟಿದಳು. ಒಂದು ಹಸಿರು ಉಡುಪು ಆರಿಸಿದಳು. ಕನ್ನಡಿ ತೆರೆಯಿತು, ಅವಳ ಮುಖ ಮೂಡಿತು. ತಕ್ಷಣ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಹೇಗನ್ನಿಸ್ತು?"

"ಚೆನ್ನಾಗಿದೆ."

ಅಷ್ಟೇ. ಹನ್ನೊಂದು ತಿಂಗಳಿನಿಂದ ಹಿಡಿದುಕೊಂಡಿದ್ದುದು ಕೈಜಾರಿತು. ನಿಯಮ ಮುರಿದು, ಪುಸ್ತಕ ಮುಚ್ಚಿ, ಕನ್ನಡಿ ಮೇಡಂ ಹೇಳಿಯೇಬಿಟ್ಟಳು: "ದಮ್ಮಯ್ಯ, ಸುಳ್ಳು ಹೇಳ್ಬೇಡಿ. ಎಲ್ಲರೂ ಇದನ್ನೇ ಹೇಳ್ತಾರೆ, ಹೇಳಿ ಓಡಿಹೋಗ್ತಾರೆ. ಐದು ಗಂಟೆಗೆ ನಾನು ಹೋಗಿ ಏನಂತ ಹೇಳ್ಲಿ? ಆರು ಜನರ ಕೆಲಸ ಇದರ ಮೇಲೆ ನಿಂತಿದೆ."

ಆ ಹೆಂಗಸು ಅವಳನ್ನೇ ನೋಡಿದಳು. "ಬೇಜಾರು ಮಾಡ್ಕೊಳಲ್ಲ ತಾನೆ?"

"ಇಲ್ಲ."

"ನಂಗಿಂತ ಮುಂಚೆ ಬಂದಿದ್ಲಲ್ಲ, ಅವಳು ಹೊರಗಡೆ ಬೆಂಚಲ್ಲಿ ಸಿಕ್ಕಿದ್ಲು. 'ಒಳಗಿರೋ ಮೇಡಂ ಈಗ ಅಳ್ತಾರೋ ಆಗ ಅಳ್ತಾರೋ ಅನ್ನೋ ಹಾಗಿದಾರೆ. ತಪ್ಪುಗಿಪ್ಪು ಹೇಳೋಕೆ ಹೋಗ್ಬೇಡಿ, ಚೆನ್ನಾಗಿದೆ ಅಂದು ಬಂದ್ಬಿಡಿ' ಅಂದ್ಲು. ಅವಳಿಗೂ ಹಿಂದಿನೋರು ಯಾರೋ ಹಾಗೇ ಹೇಳಿದ್ರಂತೆ."

ಕನ್ನಡಿ ಮೇಡಂ ಬೆಂಚಿದ್ದ ಕಡೆಗೆ, ಮುಚ್ಚಿದ ಬಾಗಿಲಿನತ್ತ ತಿರುಗಿದಳು. ಇಪ್ಪತ್ತೇಳು ಜನ! ಗುರುತಿಲ್ಲ, ಪರಿಚಯವಿಲ್ಲ, ಬೆಂಚಿನ ಮೇಲೆ ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಂಡು ತನ್ನನ್ನು ಕಾಪಾಡಿದ್ದಾರೆ. ಕಾಪಾಡಿ ಕಾಪಾಡಿಯೇ ಮುಳುಗಿಸಿದ್ದಾರೆ. ಯಾರ ಮೇಲೆ ಸಿಟ್ಟು ಮಾಡುವುದು?

"ಒಂದು ಕೇಳ್ತೀನಿ," ಎಂದಳು ಟ್ರಯಲ್ ರೂಮಿನವಳು. "ನೀವು ಇದ್ರಲ್ಲಿ ಹಾಕ್ಕೊಂಡು ನೋಡಿದೀರಾ?"

ಕನ್ನಡಿ ಮೇಡಂ ಒಂದು ಸಲವೂ ನೋಡಿರಲಿಲ್ಲ. ಶುರುವಿನಲ್ಲೇ ಒಬ್ಬ ಇಪ್ಪತ್ತರ ಹುಡುಗಿಯನ್ನು ಕರೆಸಿ, ಒಳ್ಳೆಯ ಬೆಳಕಿನಲ್ಲಿ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆದಿದ್ದರು. ಆ ಫೋಟೋಗೆ ಕಚೇರಿಯಲ್ಲಿ ಬಂಗಾರಿ ಎಂದು ಹೆಸರು. ಆರೂ ಜನ ಹನ್ನೊಂದು ತಿಂಗಳು ಬಂಗಾರಿಗೇ ತೊಡಿಸಿದ್ದರು, ಬಂಗಾರಿಗೇ ಬಿಚ್ಚಿದ್ದರು. ಬಂಗಾರಿಯ ಮೈಗೆ ಒಪ್ಪಿದರೆ ಊರಿಗೆಲ್ಲ ಒಪ್ಪಿತು ಎಂದೇ ಲೆಕ್ಕ.

"ಇಲ್ಲ," ಎಂದಳು ಸಣ್ಣಗೆ.

"ಹಾಗಾದ್ರೆ ಈ ಕಡೆ ನೋಡಿ."

ಕ್ಲಿಕ್. ಫೋನು ಅವಳ ಕೈಗೆ ಬಂತು. ಹಸಿರು ಉಡುಪು ಭುಜದ ಮೇಲೆ ಎಷ್ಟು ಬೇಕೋ ಅಷ್ಟೇ ಇಳಿದಿತ್ತು, ನೆರಳು ಬೀಳಬೇಕಾದಲ್ಲೇ ಬಿದ್ದಿತ್ತು, ಬಟ್ಟೆಗೆ ಒಂದು ಸುಕ್ಕಿಲ್ಲ. ಅದರ ಮೇಲೆ ಅವಳ ಮುಖ. ಕಣ್ಣಿನ ಕೆಳಗೆ ಕಪ್ಪು, ಕ್ಲಿಪ್ಪಿನಿಂದ ಕಳಚಿ ಜೋತುಬಿದ್ದ ಕೂದಲು, ಹಲ್ಲಿಗೆ ಸಿಕ್ಕಿಕೊಂಡ ಕೆಳತುಟಿ. ಅಯ್ಯೋ, ಇಷ್ಟು ದಿನ ನಾನು ಇದನ್ನು ಹೊತ್ತುಕೊಂಡು ತಿರುಗಿದೆನಾ? ಎದುರು ಕೂತವರು ಇದನ್ನೇ ನೋಡಿದರಾ? ಅವಳಿಗೇ ಗೊತ್ತಿಲ್ಲದೆ ಹೆಬ್ಬೆರಳು ಆ್ಯಪನ್ನು ಮುಚ್ಚಿತು.

"ನೋಡಿ, ಮುಚ್ಚಿಬಿಟ್ರಿ," ಎಂದಳು ಆ ಹೆಂಗಸು. "ಎಷ್ಟು ಸೆಕೆಂಡಾಯ್ತು? ಬರ್ಕೊಳಿ."

ಅವಳು ವಿಧೇಯಳಾಗಿ ಪುಸ್ತಕ ತೆರೆದು ಬರೆದಳು: ನಾಲ್ಕು.

"ನಮ್ಮಲ್ಲಿಗೆ ಬರೋ ಹೆಂಗಸರು ಏನ್ಮಾಡ್ತಾರೆ ಗೊತ್ತಾ? ಕನ್ನಡಿಗೆ ಬೆನ್ನು ಹಾಕಿ ನಿಂತ್ಕೋತಾರೆ. ಪರದೆ ಕೆಳಗಿಂದ ಕಾಲು ಕಾಣುತ್ತಲ್ಲ, ಹಿಮ್ಮಡಿ ಯಾವ ಕಡೆ ಇದೆ ಅಂತ ನಂಗೆ ಗೊತ್ತಾಗುತ್ತೆ. ಹಾಕ್ಕೊಂಡು, ಗುಂಡಿ ಹಾಕಿ, ಕೂದಲು ಸರಿ ಮಾಡ್ಕೊಂಡು, ಒಂದು ಉಸಿರು ತಗೊಂಡು ಆಮೇಲೆ ತಿರುಗ್ತಾರೆ. ಅಷ್ಟು ಹೊತ್ತು ಬೇಕು ಕಣಮ್ಮಾ. ನಿಮ್ಮ ಫೋನಿಗೆ ಆ ತಾಳ್ಮೆನೇ ಇಲ್ಲ, ಮುಖಕ್ಕೆ ಹೊಡೆದ ಹಾಗೆ ಬರುತ್ತೆ. ಕೆಲಸ ಮುಗಿಸಿ ಬಸ್ಸಲ್ಲಿ ಕೂತು ನೋಡೋ ಹೆಂಗಸಿಗೆ ಆ ಹೊತ್ತಲ್ಲಿ ತನ್ನ ಮುಖ ಬೇಡ. ಒಂದು ಬಟ್ಟೆ ನೋಡಿ ಖುಷಿಪಡೋಣ ಅಂತ ಬಂದಿರ್ತಾಳೆ, ಅಷ್ಟೇ."

ಬರೆಯುತ್ತಿದ್ದ ಪೆನ್ನು ನಿಂತಿತು. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಮುಚ್ಚಿಡುವಂಥ ಅಳುವಲ್ಲ, ಮೇಜಿನ ಮೇಲೆ ಹಣೆಯಿಟ್ಟು ಅತ್ತಳು. ಹಾಳಾದ ಹನ್ನೊಂದು ತಿಂಗಳಿಗೋ, ಬೆಂಚಿನ ಮೇಲಿನ ಹೆಂಗಸರ ಕರುಣೆಗೋ, ಬರೀ ಸುಸ್ತಿಗೋ, ವಿಂಗಡಿಸುವ ತ್ರಾಣವೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿಯಿತು. "ಐದಾಯ್ತು! ಏನಾಯ್ತು ಉತ್ತರ?" ಮ್ಯಾನೇಜರನ ದನಿ. ಹಿಡಿಕೆ ತಿರುಗಿತು.

ಟ್ರಯಲ್ ರೂಮಿನವಳು ಬರಿಗಾಲಲ್ಲೇ ದಡಬಡನೆ ಎದ್ದಳು. ಆ ಊದಿದ ಕಾಲಲ್ಲಿ ಅಷ್ಟು ಚುರುಕು ಎಲ್ಲಿತ್ತೋ! ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಒಳಗೆ ಇದಾರೆ ಸಾರ್."

"ಗೊತ್ತು ರೀ. ನಾನು ಮ್ಯಾನೇಜರ್. ಜರುಗಿ."

"ಯಾರಾದ್ರೂ ಆಗಿರಿ. ಒಳಗಿರೋರು ತಾವಾಗೇ ಬರೋವರೆಗೂ ನಾನು ಬಾಗಿಲು ಬಿಡಲ್ಲ. ಒಂದಿನಾನೂ ಬಿಟ್ಟಿಲ್ಲ." ಆಮೇಲೆ ದನಿ ತಗ್ಗಿಸಿ, ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದಳು, "ನಿಧಾನ ಮಾಡಿ ಬನ್ನಿ ಮೇಡಂ. ಅವಸರ ಇಲ್ಲ. ನಾನಿದೀನಿ."

ಅವಸರವಿಲ್ಲ ಎಂಬ ಮಾತು ಅವಳ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಇನ್ನೊಂದಿಷ್ಟು ಅತ್ತಳು. ಅತ್ತು ಮುಗಿಯುವವರೆಗೂ ಅತ್ತಳು. ಮುಖ ಒರೆಸಿ, ಕೂದಲನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಪುಸ್ತಕ ತೆಗೆದುಕೊಂಡು ತಾನೇ ಬಾಗಿಲು ತೆರೆದಾಗ ಐದು ದಾಟಿ ಹನ್ನೆರಡು ನಿಮಿಷವಾಗಿತ್ತು. ಮ್ಯಾನೇಜರ್ ಗೋಡೆಗೊರಗಿ, ಬೈಸಿಕೊಂಡವನ ಮುಖ ಮಾಡಿಕೊಂಡು ಸುಮ್ಮನೆ ಕಾಯುತ್ತಿದ್ದ.

"ಉತ್ತರ ಸಿಕ್ತು ಸಾರ್," ಎಂದಳು. "ಕನ್ನಡಿ ತೆಗೀಬೇಕು. ಅದನ್ನ ನೋಡಿ ನಾನೇ ಓಡಿಹೋದೆ."