ಹಾಜರಿ ಸಹಿ

ನಮ್ಮ ಕಚೇರಿಯಿಂದ ಯಾವ ನೋಟೀಸು ಹೊರಡಬೇಕಾದರೂ ಮೊದಲು ಗೇಟು ಕಾಯುವ ತಾತನ ಕಿವಿಗೆ ಬೀಳಬೇಕು. ಇದು ನಾನು ಮಾಡಿದ ಕಾನೂನು. ಮೂರೇ ಮೂರು ಶಾಲೆಗಳ ಪುಟ್ಟ ವಲಯ ನಮ್ಮದು. ಆ ಮಕ್ಕಳ ಮನೆಗಳಿಗೆ ಹತ್ತೊಂಬತ್ತು ವರ್ಷದಿಂದ ನೋಟೀಸು ಬರೆಯುತ್ತಿರುವವಳು ನಾನು. ಬರೆದದ್ದನ್ನು ತಾತನ ಮುಂದೆ ಓದುತ್ತೇನೆ. ಅವನು "ಅಂದ್ರೆ?" ಅಂತ ಕೇಳಿದರೆ ಹರಿದು ಬಿಸಾಕಿ ಮತ್ತೆ ಬರೆಯುತ್ತೇನೆ. "ಸರಿ ಬಿಡಮ್ಮ" ಅಂದರೆ ಝೆರಾಕ್ಸ್ ಮಾಡಿಸಿ ಮಕ್ಕಳ ಚೀಲ ಸೇರಿಸುತ್ತೇನೆ. ಕಚೇರಿಯಲ್ಲಿ ಕಂಪ್ಯೂಟರ್ ಇದೆ. ಆದರೆ ಟೈಪು ಮಾಡಿದ ಕಾಗದವನ್ನು ಜನ ಮಡಚಿ ಕುಂಟುವ ಮೇಜಿನ ಕಾಲಡಿ ಇಡುತ್ತಾರೆ, ನನ್ನ ಕೈಬರಹ ಕಂಡರೆ ಓದುತ್ತಾರೆ. ಕೊನೆಗೆ ಯಾವಾಗಲೂ ಒಂದೇ ಸಾಲು: ಇಂತಿ ನಿಮ್ಮ ವಿಶ್ವಾಸಿ. ಅದರಿಂದಲೇ ಊರವರ ಬಾಯಲ್ಲಿ ನಾನು ವಿಶ್ವಾಸಿ ಮೇಡಂ ಆದೆ. ತಮಾಷೆಗೆ ಶುರುವಾದ ಹೆಸರು. ಒಳಗೊಳಗೇ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಕಳೆದ ವರ್ಷ ಹೊಸ ಅಧಿಕಾರಿ ಬಂದರು. ಅವರಿಗೆ ಇಸ್ತ್ರಿ ಸಾಹೇಬರು ಅಂತ ಹೆಸರಿಟ್ಟವನು ತಾತ. ಅಂಗಿಯಲ್ಲೂ ಸುಕ್ಕಿಲ್ಲ, ಮಾತಿನಲ್ಲೂ ಸುಕ್ಕಿಲ್ಲ. 'ಶಾಲೆ ಸೋರುತ್ತಿದೆ' ಅಂತ ನಾನು ಬರೆದರೆ 'ಚಾವಣಿ ಉನ್ನತೀಕರಣದ ಹಂತದಲ್ಲಿದೆ' ಅಂತ ತಿದ್ದಿದರು. ತಾತನಿಗೆ ಓದಿದೆ.

"ಅಂದ್ರೆ?"

"ಸೋರ್ತಿದೆ ತಾತ."

"ಹಾಗಂತ ಬರೆಯೋಕೆ ಇವರಿಗೇನು ರೋಗ?"

ಬಂದ ಮೊದಲ ವಾರವೇ ಸಾಹೇಬರು ಗೋಡೆಗೆ ಒಂದು ಫಲಕ ಹಾಕಿಸಿದ್ದರು. 'ಕುಟುಂಬಗಳ ವಿಶ್ವಾಸವೇ ನಮ್ಮ ಆಸ್ತಿ.' ಆಸ್ತಿ ಅಂದ ಮೇಲೆ ಒಂದು ದಿನ ಮಾರಿಯೂ ಮಾರಬಹುದು ಅಂತ ನನಗೆ ಹೊಳೆಯಲಿಲ್ಲ.

ಮೂರರಲ್ಲಿ ಚಿಕ್ಕದು ಕಾರ್ಖಾನೆ ಬೀದಿಯ ಶಾಲೆ. ಅರವತ್ತೆರಡು ಮಕ್ಕಳು, ಅವರಲ್ಲೊಬ್ಬಳು ನಮ್ಮಕ್ಕನ ಮಗಳು ಪುಟ್ಟಿ. ಒಂಬತ್ತು ವರ್ಷ. ಕಣ್ಣು ತೀರಾ ಮಂದ, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಅಕ್ಕನ ಮನೆ ಬಾಗಿಲಿಂದ ಶಾಲೆಯ ಬಾಗಿಲವರೆಗೆ ಕಾರ್ಖಾನೆಯದೇ ಒಂದು ಉದ್ದ ಗೋಡೆ. ಅದಕ್ಕೆ ಬಲಗೈ ಸವರಿಕೊಂಡು ಪುಟ್ಟಿ ಒಬ್ಬಳೇ ಹೋಗುತ್ತಿದ್ದಳು, ಎಡಗೈ ಸವರಿಕೊಂಡು ಒಬ್ಬಳೇ ಬರುತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ ಅವಳು ನಡೆಯುತ್ತಿದ್ದ ದಾರಿ ಅದೊಂದೇ. ಅಕ್ಕನಿಗೆ ಲಾಂಡ್ರಿಯಲ್ಲಿ ಬೆಳಿಗ್ಗೆ ಏಳರ ಪಾಳಿ. ಗಂಡ ಇಲ್ಲದ ಮನೆ ಆ ಪಾಳಿ ಮತ್ತು ಆ ಗೋಡೆಯ ಮೇಲೆ ನಡೆಯುತ್ತಿತ್ತು.

ಒಂದು ದಿನ ಸಾಹೇಬರು ಕರೆದರು. "ಕಾರ್ಖಾನೆ ಬೀದಿ ಶಾಲೆ ಮುಂದುವರಿಸಬೇಕೋ ಬೇಡವೋ ಅಂತ ಪೋಷಕರ ಅಭಿಪ್ರಾಯ ಕೇಳಬೇಕು ಮೇಡಂ. ನೀವೇ ಬರೀರಿ, ನಿಮ್ಮ ಭಾಷೇಲೇ. ನಾನು ತಿದ್ದಲ್ಲ."

ತಿದ್ದಲ್ಲ ಅಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಉಬ್ಬಿಹೋದೆ. 'ಶಾಲೆ ಮುಚ್ಚುವ ಮಾತು ಬಂದಿದೆ. ಇನ್ನೂ ತೀರ್ಮಾನವಾಗಿಲ್ಲ. ಬಂದು ಮನಸ್ಸಿನಲ್ಲಿರುವುದನ್ನು ಹೇಳಿ' ಎಂದು ಬರೆದೆ. ತಾತ ಒಂದೇ ಸಲಕ್ಕೆ "ಸರಿ ಬಿಡಮ್ಮ" ಅಂದ.

ಸಭೆಗೆ ಐವತ್ತೊಂದು ಜನ ಬಂದರು. ಬಾಗಿಲಲ್ಲಿ ಮೇಜು ಹಾಕಿಕೊಂಡು ನಾನೇ ಕೂತಿದ್ದೆ. ಸಾಹೇಬರು ಕೊಟ್ಟ ಹಾಳೆಗಳಲ್ಲಿ ಗೆರೆಗಳಿದ್ದವು, ಮೇಲೆ ತಲೆಬರಹ ಇರಲಿಲ್ಲ. ಕೇಳಿದ್ದಕ್ಕೆ "ಹಾಜರಿ ಅಷ್ಟೇ. ತಲೆಬರಹ ಆಮೇಲೆ ಟೈಪ್ ಮಾಡಿಸ್ತೀನಿ" ಅಂದರು. ಜನ ಪೆನ್ನು ಹಿಡಿದು ಹಿಂದೆ ಮುಂದೆ ನೋಡುತ್ತಿದ್ದರು. ಅಕ್ಕನೂ ಕೇಳಿದಳು, "ಇದು ಯಾವುದಕ್ಕೆ ಸಹಿ?"

"ಬಂದಿದೀಯ ಅಂತ, ಅಷ್ಟೇ. ಹಾಕಕ್ಕ."

ನಾನು ಬೆರಳಿಟ್ಟ ಕಡೆ ಅಕ್ಕ ಸಹಿ ಹಾಕಿದಳು. ವಿಶ್ವಾಸಿ ಮೇಡಂನ ಸ್ವಂತ ಅಕ್ಕನೇ ಹಾಕಿದ ಮೇಲೆ ಹಿಂದಿದ್ದವರು ಇನ್ನೇನು ಕೇಳುತ್ತಾರೆ? ಸಭೆಯಲ್ಲಿ ಎಲ್ಲರೂ ಮುಚ್ಚಬೇಡಿ ಅಂದರು. ಎಂದೂ ಎದ್ದು ನಿಂತು ಮಾತಾಡದ ಅಕ್ಕ ಅವತ್ತು ಎದ್ದು ಗೋಡೆಯ ವಿಷಯ ಹೇಳಿದಳು. ಸಾಹೇಬರು ಪ್ರತಿ ಮಾತಿಗೂ ತಲೆಯಾಡಿಸಿದರು.

ಮೂರು ವಾರದ ಮೇಲೆ ರವಾನೆಗೆಂದು ನನ್ನ ಮೇಜಿಗೆ ಫೈಲು ಬಂತು. ಶಾಲೆ ಮುಚ್ಚುವ ಆದೇಶ. ಅದರ ಹಿಂದೆ ಐವತ್ತೊಂದು ಸಹಿಗಳು, ಮೇಲೆ ದಪ್ಪಕ್ಷರದ ತಲೆಬರಹ: 'ಪೋಷಕರ ಒಪ್ಪಿಗೆ ಪತ್ರ'. ಅಕ್ಕನದು ಆರನೆಯದು. ಪಿತ್ತ ನೆತ್ತಿಗೇರಿತು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

"ಸರ್, ಇದು ಹಾಜರಿ."

"ಹಾಜರಾದರು ಅಂದ್ರೆ ಪ್ರಕ್ರಿಯೆ ಒಪ್ಪಿದ್ರು ಅಂತ ತಾನೇ ಮೇಡಂ?"

"ಒಬ್ಬರೂ ಬಿಡದೆ ಬೇಡ ಅಂದ್ರಲ್ಲ ಸರ್!"

"ಬಾಯಲ್ಲಿ ಅಂದ್ರು. ಫೈಲಲ್ಲಿ ಎಲ್ಲಿದೆ?" ಕುರ್ಚಿ ತೋರಿಸಿದರು, ನೀರು ಬೇಕಾ ಅಂದರು. "ಆಕ್ಷೇಪಣೆಗೆ ಏಳು ದಿನ ಇದೆ. ಇಪ್ಪತ್ತು ಪೋಷಕರು ಬರೆದು ಸಹಿ ಹಾಕಿ ಕೊಟ್ಟರೆ ಆದೇಶ ತಾನಾಗೇ ನಿಲ್ಲುತ್ತೆ. ನಾವೇನೂ ಮುಚ್ಚಿಡ್ತಿಲ್ಲ."

ಅವರನ್ನು ಕೇಳದೆ ಹೊಸ ನೋಟೀಸು ಬರೆದೆ. 'ನೀವು ಹಾಕಿದ್ದು ಹಾಜರಿ ಸಹಿ. ಅದನ್ನು ಒಪ್ಪಿಗೆ ಅಂತ ಕಳಿಸಿದ್ದಾರೆ. ನನ್ನಿಂದ ತಪ್ಪಾಯಿತು. ಈ ಆಕ್ಷೇಪಣೆಗೆ ಸಹಿ ಹಾಕಿದರೆ ಶಾಲೆ ಉಳಿಯುತ್ತದೆ.' ತಾತನಿಗೆ ಓದಿದೆ. ಅಂದ್ರೆ ಅನ್ನಲಿಲ್ಲ, ಸರಿ ಬಿಡಮ್ಮ ಅಂತಲೂ ಅನ್ನಲಿಲ್ಲ.

"ಅರ್ಥ ಆಯ್ತು. ನಂಬೋರು ಯಾರಮ್ಮ?"

ಮನೆಮನೆಗೆ ಹೋದೆ. ಅಷ್ಟರಲ್ಲಿ ಆದೇಶ ಶಾಲೆಯ ಬಾಗಿಲಿಗೆ ಅಂಟಿತ್ತು, ಸಹಿಗಳ ಸಮೇತ. ಕೆಲವರು ಕಾಗದ ಇಟ್ಟು ಹೋಗಿ ಅಂದರು. ಕೆಲವರು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ದರ್ಜಿ ಹೊಲಿಗೆ ನಿಲ್ಲಿಸದೆ ಹೇಳಿದ, "ಅವತ್ತು ಹಾಜರಿ ಅಂದ್ರಿ. ಇವತ್ತು ಆಕ್ಷೇಪಣೆ ಅಂತೀರಿ. ನಾಳೆ ಇದಕ್ಕೆ ಯಾವ ತಲೆಬರಹ ಹೊಲೀತೀರೋ." ಆರು ದಿನದಲ್ಲಿ ನಾಲ್ಕು ಸಹಿ ಸಿಕ್ಕಿದವು. ಅಕ್ಕ ಹಾಕಿದರೆ ಹಿಂದಿದ್ದವರೂ ಹಾಕುತ್ತಾರೆ, ಅವತ್ತಿನ ಹಾಗೆಯೇ, ಅಂತ ನನ್ನ ಲೆಕ್ಕ. ಆದರೆ ಅವಳ ಮುಖ ನೋಡಲಾರದೆ ಕೊನೆಯ ದಿನದವರೆಗೂ ಆ ಮನೆಯನ್ನು ತಪ್ಪಿಸುತ್ತ ಬಂದಿದ್ದೆ.

ಏಳನೆಯ ದಿನ ಹೋದೆ. ಅಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ನಾನು ಸಹಿಗೆಂದು ತಂದ ಕಾಗದವನ್ನು ಅಕ್ಕ ಓದಿ ನೋಡಿದ್ದು ಅದೇ ಮೊದಲು. ಎರಡು ಸಲ ಓದಿದಳು. ಪುಟ್ಟಿ ಮಂಚದ ಮೇಲೆ ಕೂತು ನಮ್ಮ ಕಡೆ ಕಿವಿಗೊಟ್ಟಿದ್ದಳು.

"ನಿನ್ನ ಕೈಬರಹಾನೇ" ಅಂದಳು ಅಕ್ಕ.

"ಹೂಂ, ನಾನೇ ಬರೆದಿದ್ದು."

"ಅದಕ್ಕೇ ಹಾಕಲ್ಲ."

"ಅಕ್ಕ, ಪುಟ್ಟಿಗೋಸ್ಕರ ಕಣಕ್ಕ."

"ಅವತ್ತೂ ಪುಟ್ಟಿಗೋಸ್ಕರಾನೇ ಹಾಕಿದ್ದು."

ಪೆನ್ನನ್ನು ನನ್ನ ಕೈಗೇ ವಾಪಸು ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಡುವಾಗ ಊಟ ಮಾಡಿಕೊಂಡು ಹೋಗು ಅಂದಳು, ಅಪರಿಚಿತರಿಗೆ ಹೇಳುವ ಹಾಗೆ.

ನಾಲ್ಕು ಸಹಿಯ ಹಾಳೆ ಫೈಲಿನಲ್ಲಿ ಎಲ್ಲೋ ಇದೆ. ಕಾರ್ಖಾನೆ ಬೀದಿಯ ಶಾಲೆಗೆ ಬೀಗ ಬಿತ್ತು. ನಾನು ಕೆಲಸ ಬಿಡಲಿಲ್ಲ, ಬಿಡುವಷ್ಟು ಮಾನ ಉಳಿದಿರಲಿಲ್ಲ ಅಂತ ಬೇಕಾದರೆ ಅನ್ನಿ. ನೋಟೀಸಿನ ಕೊನೆಯ ಸಾಲನ್ನು ಮಾತ್ರ ಕೈಬಿಟ್ಟೆ. ಸಾಹೇಬರು ಅದನ್ನು ಗಮನಿಸಿ ಮತ್ತೆ ಸೇರಿಸಿದರು. "ಅದಿದ್ರೆ ಜನಕ್ಕೆ ಒಂದು ಭರವಸೆ ಮೇಡಂ."

ಹೊಸ ಶಾಲೆ ಹೆದ್ದಾರಿಯ ಆಚೆ. 'ಬಸ್ಸು ಬೆಳಿಗ್ಗೆ ಎಂಟಕ್ಕೆ ಬರುತ್ತದೆ' ಅಂತ ನೋಟೀಸು ಬರೆದದ್ದೂ ನಾನೇ. ಮೊದಲ ದಿನ ಏಳೂಕಾಲಿಗೆ ಆ ದಾರಿಯಾಗಿ ಹೋದೆ. ಅಕ್ಕ ಆಗಲೇ ರಸ್ತೆಯಂಚಿನಲ್ಲಿ ಪುಟ್ಟಿಯ ಮಣಿಕಟ್ಟು ಹಿಡಿದು ನಿಂತಿದ್ದಳು. ರಾತ್ರಿ ಪಾಳಿಗೆ ಬದಲಾಗಿದ್ದಳಂತೆ, ಕೆಲಸ ಮುಗಿಸಿ ಪುಟ್ಟಿಯನ್ನು ಎಬ್ಬಿಸಿಕೊಂಡು ನೇರ ಬಂದಿದ್ದಳು, ಕಣ್ಣು ಕೆಂಪಗಿದ್ದವು. ಪುಟ್ಟಿ ಇನ್ನೊಂದು ಕೈಯನ್ನು ಪಕ್ಕಕ್ಕೆ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು.

"ಯಾವಾಗ ಬಂದೆ ಅಕ್ಕ?"

"ಆರೂವರೆಗೆ."

"ಬಸ್ಸು ಎಂಟಕ್ಕೆ ಅಂತ ಬರೆದಿದ್ದೆನಲ್ಲ."

"ಬರೆದಿದ್ದೆ" ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ನಾನೂ ಅಲ್ಲೇ ನಿಂತೆ. ಬಸ್ಸು ಸರಿಯಾಗಿ ಎಂಟಕ್ಕೇ ಬಂತು.