ಲೋಟದ ತೂಕ

"ತಾಳಿ, ಮುಚ್ಚಳ ಹಾಕ್ಬೇಡಿ!" ಎನ್ನುತ್ತಲೇ ಮಗ ಶವಪೆಟ್ಟಿಗೆಯೊಳಗೆ ಕೈಹಾಕಿದ. ಅವನ ಅಮ್ಮನ ಮಗ್ಗುಲಲ್ಲಿ, ಮಡಚಿದ ಏಪ್ರನ್ನಿನ ಮೇಲೆ, ಹಿಡಿ ಸವೆದ ಹಿತ್ತಾಳೆ ಲೋಟ ಮಲಗಿತ್ತು.

"ಮುಟ್ಬೇಡ್ವೋ," ಎಂದು ಗದರಿದವರು ಸತ್ತವರ ಅಕ್ಕ, ಸೊಸೆಗೆ ದೊಡ್ಡತ್ತೆ. "ನಾನೇ ಇಟ್ಟಿದ್ದು. ಒಲೆ ಮುಂದೆ ನಿಂತಾಗಿಂದ ಅದನ್ನ ಕೈಬಿಟ್ಟವಳಲ್ಲ. ಜೊತೆಗೇ ಹೋಗ್ಲಿ."

"ಹೋದ್ರೆ ಬೇಕರಿಗೆ ಬೀಗ ಹಾಕ್ಬೇಕಷ್ಟೆ ದೊಡ್ಡಮ್ಮ! ಹಿಟ್ಟು, ಸಕ್ಕರೆ, ಎಲ್ಲಾ ಈ ಲೋಟದ ಲೆಕ್ಕದಲ್ಲೇ. ಸಂಜೆ ಬರೋರಿಗೆ ಅಮ್ಮನ ಬನ್ನು ಕೊಡ್ಬೇಕಲ್ಲ, ಯಾವುದ್ರಲ್ಲಿ ಅಳೆಯೋದು?"

ಎಲ್ಲರೂ ಸೊಸೆಯ ಕಡೆ ತಿರುಗಿದರು. ಇನ್ನುಮುಂದೆ ಆ ಒಲೆ ಅವಳದು. ಅವಳು ತಲೆ ತಗ್ಗಿಸಲಿಲ್ಲ.

"ಬಿಡಿ ರೀ. ಅತ್ತೆ ಲೋಟ ಅತ್ತೆ ಹತ್ರಾನೇ ಇರ್ಲಿ. ಅದರ ತೂಕ ನಂಗೆ ಗೊತ್ತು."

"ನಿಂಗಾ? ಲೀಟರ್ ಡಬ್ಬದ ಸೊಸೆ ನೀನೇ ಅಲ್ವೇನೇ?" ಎಂದರು ದೊಡ್ಡತ್ತೆ. ಅಷ್ಟು ದುಃಖದಲ್ಲೂ ಯಾರೋ ಕಿಸಕ್ಕೆಂದರು.

* * *

ಮದುವೆಯಾದ ಹೊಸತು. "ಕಿಲೋ ಹಿಟ್ಟು ಕಲಸಿಡೇ" ಎಂದು ಅತ್ತೆ ಹೊರಗೆ ಹೋಗಿದ್ದರು. ಬೇಕರಿಯಲ್ಲಿ ತಕ್ಕಡಿಯೇ ಇರಲಿಲ್ಲ. ಅವರ ಕೈಯೇ ತಕ್ಕಡಿ, ಅದಕ್ಕೇ ಬೀದಿಯವರೆಲ್ಲ ಅವರನ್ನು ತಕ್ಕಡಿಯಮ್ಮ ಎನ್ನುತ್ತಿದ್ದುದು. ಸೊಸೆ ತನ್ನ ಬುದ್ಧಿ ಓಡಿಸಿದಳು: ಲೀಟರ್ ನೀರು ಒಂದು ಕಿಲೋ ತಾನೇ, ಹಾಗಾದರೆ ಲೀಟರ್ ಹಿಟ್ಟೂ ಒಂದು ಕಿಲೋ. ಡಬ್ಬದಲ್ಲಿ ಅಳೆದು ಸುರಿದಳು. ಹಿಟ್ಟು ಅರ್ಧಕ್ಕರ್ಧ ಕಡಿಮೆಯಾಗಿ ಕಣಕ ಬೆರಳ ಸಂದಿಯಲ್ಲಿ ಸೋರಿತು, ಬನ್ನುಗಳು ತಟ್ಟೆಗಳಾದವು.

ಅತ್ತೆ ಬೈಯಲಿಲ್ಲ. ಗಾಜಿನ ಕಪಾಟಿನ ಮುಂದಿನ ಸಾಲಿನಲ್ಲೇ ಅವನ್ನಿಟ್ಟು, "ನಮ್ಮ ಸೊಸೆ ಕಂಡುಹಿಡಿದ ಹೊಸ ತಿಂಡಿ" ಎಂದು ಮಾರಿಬಿಟ್ಟರು. ಆಮೇಲೆ ಅವಳ ಕಣ್ಣು ಮುಚ್ಚಿಸಿ ಎರಡೂ ಕೈಗೆ ಒಂದೊಂದು ಬಟ್ಟಲು ಕೊಟ್ಟರು.

"ಒಂದ್ರಲ್ಲಿ ಲೋಟ ಹಿಟ್ಟು, ಇನ್ನೊಂದ್ರಲ್ಲಿ ಲೋಟ ಸಕ್ಕರೆ. ಯಾವುದು ಭಾರ?"

"ಬಲಗೈದು, ಅತ್ತೆ."

"ಅದು ಸಕ್ಕರೆ. ಹಿಟ್ಟು ಗಾಳಿ ತುಂಬ್ಕೊಂಡು ದೊಡ್ಡದಾಗಿ ಕೂರುತ್ತೆ ಕಣೇ, ಕೆಲವು ನೆಂಟರ ಹಾಗೆ. ಬರೀ ಅಳೆದ್ರೆ ಮೋಸ ಹೋಗ್ತೀಯ. ಅಳೆದು ತೂಗ್ಬೇಕು."

ಸೊಸೆ ಹಟಹಿಡಿದು ತಕ್ಕಡಿ ತರಿಸಿದಳು. ಅಂದಿನಿಂದ ಬಾಗಿಲು ಹಾಕುವ ಹೊತ್ತಿಗೆ ಅತ್ತೆ-ಸೊಸೆಗೆ ಅದೇ ಆಟ. ಲೋಟ ತುಂಬಿ ಇಬ್ಬರೂ ತೂಕ ಹೇಳುವುದು, ತಕ್ಕಡಿ ತೀರ್ಪು ಕೊಡುವುದು. ಅತ್ತೆಗೆ ಗೆಲ್ಲುವ ಚಟ. ಕೊನೆಕೊನೆಗೆ ಸೊಸೆಗೆ ಸೋತಾಗ ಮಾತ್ರ ಗೆದ್ದಾಗಿನದಕ್ಕಿಂತ ಹೆಚ್ಚು ಹಿಗ್ಗುತ್ತಿದ್ದರು.

* * *

ಮಣ್ಣು ಮಾಡಿ ಬಂದವಳೇ ಸೊಸೆ ತೋಳೇರಿಸಿದಳು. ಲೋಟಕ್ಕೆ ಹಿಟ್ಟು ನೂರ ಇಪ್ಪತ್ತೈದು ಗ್ರಾಂ, ಸಕ್ಕರೆ ಇನ್ನೂರು. ಕಣ್ಣು ಮುಚ್ಚಿ ಸುರಿದಳು, ತೆರೆದು ತಕ್ಕಡಿ ನೋಡಿದಳು. ಸರಿಯಾಗಿಯೇ ಇತ್ತು. ಆದರೂ ಬೆಳಗ್ಗೆ ಎಲ್ಲರೆದುರು ಆಡಿದ ಮಾತು ನೆನೆದು, ಬನ್ನು ಒಲೆಯೊಳಗಿದ್ದಷ್ಟು ಹೊತ್ತೂ ಒಲೆಯ ಮುಂದಿನಿಂದ ಕದಲಲಿಲ್ಲ.

ಸಂಜೆ ತಟ್ಟೆ ತುಂಬ ಉಬ್ಬಿದ ಬನ್ನು ಹೊರಗೆ ಬಂತು. ದೊಡ್ಡತ್ತೆ ಒಂದನ್ನು ಅಂಗೈಯಲ್ಲಿಟ್ಟು, ತಂಗಿಯ ಹಾಗೆಯೇ ಮೇಲೆ ಕೆಳಗೆ ಆಡಿಸಿ ನೋಡಿದರು. ಮುರಿದರು. ಕೊನೆಯ ಚೂರಿನವರೆಗೂ ತಿಂದು ಕೈ ಚಾಚಿದರು.

"ತಕ್ಕಡಿಯಮ್ಮಾ, ಇನ್ನೊಂದು ಕೊಡೇ."

ಅತ್ತೆ ಬಂದರೇನೋ ಎಂದು ಸೊಸೆ ತಟ್ಟನೆ ಹಿಂತಿರುಗಿದಳು. ಒಲೆಯ ಪಕ್ಕದ ಗೋಡೆಯಲ್ಲಿ ಲೋಟ ತೂಗುತ್ತಿದ್ದ ಮೊಳೆ ಮಾತ್ರ ಇತ್ತು. ದೊಡ್ಡತ್ತೆಯ ಕೈ ಇನ್ನೂ ಅವಳತ್ತಲೇ ಚಾಚಿತ್ತು.